ಜಪಾನ್ ದಾಟದ ಆಟ ಶಿವಾಜಿನಗರಕ್ಕೆ ಬಂದದ್ದು

ಪರದೆಯ ಮೇಲೆ ‘ಯೆಸ್’, ‘ನೋ’ ಎಂಬ ಎರಡು ಗುಂಡಿಗಳು ಕಾಣಿಸಿಕೊಂಡರೆ ಸಾಕು, ನನ್ನ ಕೈ ತಾನಾಗಿ ಮೌಸಿನಿಂದ ಹಿಂದೆ ಸರಿಯುತ್ತದೆ. ಕೆ.ಆರ್. ಪುರದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ದಿನಕ್ಕೆ ಹತ್ತಾರು ಸಲ ಕಂಪ್ಯೂಟರ್ ನನ್ನನ್ನು ಏನಾದರೂ ಕೇಳುತ್ತಲೇ ಇರುತ್ತದೆ. ಈ ಪುಸ್ತಕವನ್ನು ಪಟ್ಟಿಯಿಂದ ತೆಗೆಯಲೇ, ಈ ಹೆಸರನ್ನು ಬದಲಾಯಿಸಲೇ ಅಂತ. ನಾನು ಕನ್ನಡಕ ಒರೆಸಿಕೊಂಡು ಪ್ರಶ್ನೆಯನ್ನು ಎರಡು ಸಲ ಓದಿ, ಉತ್ತರಗಳನ್ನೂ ಎರಡು ಸಲ ಓದಿ, ಆಮೇಲೆ ಒತ್ತುತ್ತೇನೆ. ಅಷ್ಟರಲ್ಲಿ ಸಾಲಿನಲ್ಲಿ ನಿಂತ ಹುಡುಗಿಯರು ನಿಟ್ಟುಸಿರು ಬಿಡಲು ಶುರು ಮಾಡಿರುತ್ತಾರೆ. “ಯೆಸ್ ಒತ್ತಿ ಮ್ಯಾಮ್, ಬಸ್ ಹೊರಟ್ಹೋಗತ್ತೆ” ಎಂದು ಒಬ್ಬಳು ಮೊನ್ನೆ ಅಂಗಲಾಚಿದಳು. ಹೊರಮಾವಿನ ಮನೆಯಲ್ಲಂತೂ ನನ್ನ ಮಗಳು ನಾನು ಫೋನ್ ಹಿಡಿದು ಯೋಚಿಸುವ ಮುಖವನ್ನು ನೆಂಟರ ಮುಂದೆಲ್ಲ ಮಾಡಿ ತೋರಿಸುತ್ತಾಳೆ. ನಗಲಿ. ಹಿಂದೊಮ್ಮೆ ನಾನು ಓದದೆ ಒತ್ತಿದ್ದೆ. ಅದರ ಫಲವನ್ನು ಒಬ್ಬ ಅಜ್ಜಿ ಒಂದು ಬೇಸಿಗೆಯಿಡೀ ಉಣ್ಣಬೇಕಾಯಿತು.

ಓದದೆ ಎಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ಓದಲು ಬರುತ್ತಿರಲಿಲ್ಲ. ಅದು ಜಪಾನಿ ಭಾಷೆಯಲ್ಲಿತ್ತು.

ನಾನು ಬೆಳೆದದ್ದು ಜೋಗುಪಾಳ್ಯದಲ್ಲಿ, ಓದಿದ್ದು ಶಿವಾಜಿನಗರದ ಒಂದು ಹುಡುಗಿಯರ ಶಾಲೆಯಲ್ಲಿ. ಅಮ್ಮ ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಅವಳ ಡ್ಯೂಟಿ ಮುಗಿಯುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ನಾನು ನನ್ನ ಪಕ್ಕದ ಬೆಂಚಿನ ನಸ್ರೀನ್ ಮನೆಯಲ್ಲಿ ಇರಬೇಕೆಂದು ಎರಡು ಮನೆಯ ಹೆಂಗಸರೂ ಮಾತಾಡಿಕೊಂಡು ಏರ್ಪಾಡು ಮಾಡಿದ್ದರು. ರಜಾ ಬಂದರೂ ಏರ್ಪಾಡು ಬದಲಾಗಲಿಲ್ಲ, ಬೆಳಗ್ಗೆಯಿಂದಲೇ ಅಲ್ಲಿರುತ್ತಿದ್ದೆ ಅಷ್ಟೆ. ಕೆಳಗೆ ನಸ್ರೀನ್ ಅಪ್ಪನ ರೇಡಿಯೋ–ಟಿವಿ ರಿಪೇರಿ ಅಂಗಡಿ, ಮೇಲೆ ಮನೆ. ಮನೆಯ ಯಜಮಾನಿ ಅವಳ ಅಜ್ಜಿ, ಅಪ್ಪನ ತಾಯಿ. ಅವಳು ದಾದಿಮಾ ಎನ್ನುತ್ತಿದ್ದಳು, ನಾನೂ ದಾದಿಮಾ ಎಂದೆ. ಮೊಮ್ಮಗಳಿಗೆ ದಖ್ಖನಿ ಉರ್ದುವಿನಲ್ಲಿ ಬೈದು, ಅದೇ ಬೈಗುಳವನ್ನು ನನಗೆ ಕನ್ನಡ ಮಾಡಿ ಬೈಯುತ್ತಿದ್ದರು. ಭೇದಭಾವ ಮಾಡಿದರು ಅಂತ ನಾನು ಯಾವತ್ತೂ ಹೇಳುವ ಹಾಗಿಲ್ಲ.

ಆ ಆಟದ ಪೆಟ್ಟಿಗೆ ಅಂಗಡಿಗೆ ಬಂದದ್ದು ಸುಟ್ಟುಹೋದ ಸ್ಥಿತಿಯಲ್ಲಿ. ಹಡಗಿನಲ್ಲಿ ಕೆಲಸ ಮಾಡುವವರೊಬ್ಬರು ಜಪಾನಿನಿಂದ ತಂದ ವಿಡಿಯೋ ಗೇಮನ್ನು ನೇರವಾಗಿ ನಮ್ಮ ಪ್ಲಗ್ಗಿಗೆ ಸಿಕ್ಕಿಸಿದ್ದರು. ಅಲ್ಲಿಯ ಕರೆಂಟು ನಮ್ಮದರ ಅರ್ಧಕ್ಕೂ ಕಮ್ಮಿ. ಪೆಟ್ಟಿಗೆ ಒಂದು ಸಲ ‘ಟಪ್’ ಎಂದು ಸುಮ್ಮನಾಗಿತ್ತು. ಬೇಸರ ಬಂದು, ಇಟ್ಟುಕೊಳ್ಳಿ ಎಂದು ಅಂಗಡಿಯಲ್ಲೇ ಬಿಟ್ಟುಹೋದರು. ನಸ್ರೀನ್ ಅಪ್ಪ ಅದಕ್ಕೆ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಜೋಡಿಸಿ, ಒಳಗೆ ಏನೇನೋ ಬೆಸುಗೆ ಹಾಕಿ, ಮೇಲಿನ ಮನೆಯ ಟಿವಿಯಲ್ಲಿ ಚಿತ್ರ ಬರುವ ಹಾಗೆ ಮಾಡಿದರು. ಬಣ್ಣದ ಟಿವಿ, ಆದರೂ ಚಿತ್ರ ಕಪ್ಪು ಬಿಳುಪು. “ಅವರ ಬಣ್ಣದ ಲೆಕ್ಕ ಬೇರೆ, ನಮ್ಮ ಟಿವಿ ಬಣ್ಣದ ಲೆಕ್ಕ ಬೇರೆ. ಆಡೋದಕ್ಕೆ ಬಣ್ಣ ಯಾಕಮ್ಮ?” ಎಂದು ಹೇಳಿ ಕೆಳಗಿಳಿದು ಹೋದರು. ಮತ್ತೆ ಆ ಆಟದ ಕಡೆ ಅವರು ತಿರುಗಿ ನೋಡಿದ್ದು ನನಗೆ ನೆನಪಿಲ್ಲ.

ಅದರ ಜೊತೆ ಬಂದದ್ದು ಒಂದೇ ಕ್ಯಾಸೆಟ್. ಆಗ ನಾವೆಲ್ಲ ಆಟದ ಆ ಪ್ಲಾಸ್ಟಿಕ್ ಡಬ್ಬಿಯನ್ನು ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು. ಬೇರೆ ಮನೆಯ ಮಕ್ಕಳ ಆಟಗಳಲ್ಲಿ ಗುಂಡು ಹಾರುತ್ತಿತ್ತು, ಕಾರು ಓಡುತ್ತಿತ್ತು. ನಮ್ಮದರಲ್ಲಿ ಟೋಪಿ ಹಾಕಿದ ಒಬ್ಬ ಕುಳ್ಳ, ಹೆಗಲಿಗೊಂದು ಚೀಲ ಹಾಕಿಕೊಂಡು ಒಂದು ದ್ವೀಪದಲ್ಲಿ ನಡೆಯುತ್ತಿದ್ದ. ಅಷ್ಟೆ. ಮನೆ ಕಂಡರೆ ಒಳಗೆ ಹೋಗುತ್ತಿದ್ದ. ಮನೆಯವರು ಜಪಾನಿಯಲ್ಲಿ ಎರಡು ಸಾಲು ಮಾತಾಡುತ್ತಿದ್ದರು. ಅವನು ಗೋಡೆಯ ಹತ್ತಿರ ಹೋಗಿ ಏನೋ ಮಾಡಿ, ಅವರು ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದ.

ಇವನು ಯಾರು ಎಂಬ ಬಗ್ಗೆ ಮನೆಯಲ್ಲಿ ಮೂರು ಅಭಿಪ್ರಾಯಗಳಿದ್ದವು. ಕಳ್ಳ ಎಂದು ನಾನು. ಹೆಣ್ಣು ನೋಡಲು ಹೊರಟವನು ಎಂದು ನಸ್ರೀನ್. ಮನೆಮನೆಗೆ ಹೋಗುತ್ತಾನೆ, ಎಲ್ಲರೂ ತಿನ್ನಲು ಕೊಡುತ್ತಾರೆ, ಇನ್ನೇನು ಸಾಕ್ಷಿ ಬೇಕು ಎಂಬುದು ಅವಳ ವಾದ. ದಾದಿಮಾ ಬೆಳ್ಳುಳ್ಳಿ ಬಿಡಿಸುತ್ತ ಅರ್ಧ ಗಂಟೆ ನೋಡಿ ತೀರ್ಪು ಕೊಟ್ಟರು: “ನಕ್ಕೋ, ನಕ್ಕೋ. ಕರೆಂಟ್ ಮೀಟರ್ ನೋಡೋಕೆ ಬಂದಿರೋನು ಅವನು. ನೋಡು, ಸೀದಾ ಗೋಡೆ ಹತ್ರ ಹೋಗ್ತಾನೆ.”

ಭಾಷೆ ಬಾರದಿದ್ದರೂ ನಾವು ಎರಡು ಮಾತು ಕಲಿತೆವು. ದ್ವೀಪದವರು ಆಗಾಗ ಪ್ರಶ್ನೆ ಕೇಳಿದಾಗ ಕೆಳಗೆ ಎರಡು ಉತ್ತರ ಬರುತ್ತಿದ್ದವು. ಪಕ್ಕಪಕ್ಕ ಎರಡು ಗೀಟು, ಎಡಗಡೆಯ ಗೀಟಿನ ತುದಿಗೆ ಮೀನಿನ ಗಾಳದಂಥ ಕೊಕ್ಕೆ, ಅಂಥದೊಂದು ಅಕ್ಷರ ಎರಡರಲ್ಲೂ ಇತ್ತು. ಕೊಕ್ಕೆ ಒಂದೇ ಇರುವ ಉತ್ತರವನ್ನು ಒತ್ತಿದರೆ ಬೆಸ್ತ ಮೀನು ಕೊಡುತ್ತಿದ್ದ. ಎರಡು ಕೊಕ್ಕೆ ಇರುವುದನ್ನು ಒತ್ತಿದರೆ ಬೆನ್ನು ತಿರುಗಿಸುತ್ತಿದ್ದ. ಹಾಗಾಗಿ ಒಂದು ಕೊಕ್ಕೆ ಅಂದರೆ ಹೌದು, ದಾದಿಮಾ ಭಾಷೆಯಲ್ಲಿ ‘ಹೌ’, ಎರಡು ಕೊಕ್ಕೆ ಅಂದರೆ ಬೇಡ, ‘ನಕ್ಕೋ’ ಎಂದು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆವು. ಜಪಾನಿಯಲ್ಲಿ ಹೌದು ಎನ್ನುವುದಕ್ಕೆ ‘ಹಾಯ್’ ಅನ್ನುತ್ತಾರೆ ಎಂದು ತೀರಾ ಈಚೆಗೆ ಗೊತ್ತಾಯಿತು. ನಾವೇನೂ ಬಹಳ ದೂರ ಹೋಗಿರಲಿಲ್ಲ.

ಹೀಗೆ ದ್ವೀಪದ ಅರ್ಧವನ್ನು ಸುತ್ತಿದೆವು. ಉಳಿದರ್ಧಕ್ಕೆ ಒಂದು ಸೇತುವೆ ದಾಟಬೇಕು. ಸೇತುವೆಯ ಮೇಲೆ ಗಡ್ಡದ ಮುದುಕನೊಬ್ಬ. ಅವನು ಒಂದು ಪ್ರಶ್ನೆ ಕೇಳುತ್ತಿದ್ದ. ಹೌ ಎಂದರೆ ತಲೆ ಅಲ್ಲಾಡಿಸಿ ಏನೋ ಹೇಳಿ ವಾಪಸು ಕಳಿಸುತ್ತಿದ್ದ. ನಕ್ಕೋ ಎಂದರೆ ಇನ್ನೂ ಉದ್ದವಾಗಿ ಏನೋ ಹೇಳಿ ವಾಪಸು ಕಳಿಸುತ್ತಿದ್ದ. ಒಂದು ಬೇಸಿಗೆ ರಜಾ ಪೂರ್ತಿ, ಇನ್ನೊಂದು ರಜಾದ ಮೊದಲ ವಾರಗಳೂ ಆ ಮುದುಕನ ಕಾಲ ಬುಡದಲ್ಲೇ ಕಳೆದವು. ಮೀನು ಹಿಡಿದು ಹೋದೆವು, ಹೂ ಹಿಡಿದು ಹೋದೆವು. ಕೊನೆಗೆ ನಸ್ರೀನ್ ಟಿವಿಗೆ ಕೈಮುಗಿದು “ಬಿಡೋ ಚಾಚಾ” ಎಂದು ಬೇಡಿಕೊಂಡಳು. ಬಿಡಲಿಲ್ಲ.

ಆ ಎರಡನೇ ರಜಾದ ಒಂದು ಬೆಳಗ್ಗೆ ನಸ್ರೀನ್ ಮೊಸರು ತರಲು ಹೋಗಿದ್ದಳು. ಅವಳು ಬರುವಷ್ಟರಲ್ಲಿ ನಾನೇ ಸೇತುವೆ ದಾಟಿಬಿಟ್ಟು ಅವಳನ್ನು ಬೆರಗುಗೊಳಿಸಬೇಕೆಂಬ ಆಸೆ ನನಗೆ. ಆಟ ಶುರುವಾಗುವ ಮೊದಲಿನ ಪಟ್ಟಿಯಲ್ಲಿ ನಾವು ಯಾವತ್ತೂ ಮುಟ್ಟದ ಒಂದು ಸಾಲಿತ್ತು. ಗುಟ್ಟಿನ ದಾರಿ ಅಲ್ಲೇ ಇರಬಹುದು ಎಂದು ಅದನ್ನು ಒತ್ತಿದೆ. ಒಂದು ಪ್ರಶ್ನೆ ಬಂತು. ನನ್ನ ಅನುಭವದಲ್ಲಿ ಹೌ ಎಂದವರಿಗೆ ಮೀನು ಸಿಗುತ್ತದೆ, ಹೌ ಎಂದೆ. ಇನ್ನೊಂದು ಪ್ರಶ್ನೆ ಬಂತು. ಅದಕ್ಕೂ ಹೌ ಎಂದೆ. ಪರದೆ ಒಮ್ಮೆ ಕಪ್ಪಾಗಿ, ಆಟದ ಮೊಟ್ಟಮೊದಲ ದಿನ ಕೇಳಿದ್ದ ಹಾಡು ಕೇಳಿಸಿತು. ಕುಳ್ಳ ಖಾಲಿ ಚೀಲ ಹಾಕಿಕೊಂಡು ದೋಣಿಯಿಂದ ಇಳಿಯುತ್ತಿದ್ದ. ಎರಡು ರಜಾಗಳ ದ್ವೀಪ ಅಳಿಸಿಹೋಗಿತ್ತು.

ಆಗಲೇ ಅಡುಗೆಮನೆಯಲ್ಲಿ ದಾದಿಮಾ ಮಿಕ್ಸಿ ಹಾಕಿದರು. ಮಿಕ್ಸಿ ಹಾಕಿದಾಗಲೆಲ್ಲ ಟಿವಿಯ ಮೇಲೆ ಬಿಳಿ ಗೀಟುಗಳು ಕುಣಿಯುತ್ತಿದ್ದವು, ಆಗಲೂ ಕುಣಿದವು. ನಸ್ರೀನ್ ಮೊಸರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಏನಾಯ್ತೇ?”

“ದಾದಿಮಾ ಮಿಕ್ಸಿ ಹಾಕಿದ್ರು. ಎಲ್ಲಾ ಹೋಯ್ತು” ಎಂದೆ.

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ನಸ್ರೀನ್ ಪಾತ್ರೆ ಕೆಳಗಿಟ್ಟು ಗೋಳೋ ಎಂದು ಅತ್ತಳು. ಅವಳು ಅತ್ತದ್ದು ನೋಡಿ ನಾನೂ ಅತ್ತೆ, ಅದು ಮಾತ್ರ ನಿಜವಾದ ಅಳು. ದಾದಿಮಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, ಸೆರಗಿನಿಂದ ಕೈ ಒರೆಸುತ್ತ, ಟಿವಿಯನ್ನೂ ನಮ್ಮನ್ನೂ ನೋಡಿದರು. ಬೈಯುತ್ತಾರೆಂದುಕೊಂಡೆ. “ಆಯ್ತು. ಇನ್ಮೇಲೆ ಮಿಕ್ಸಿ ಹಾಕಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು.

ಹೇಳಿದ ಹಾಗೇ ಮಾಡಿದರು. ಅವತ್ತಿನಿಂದ ಆ ಮನೆಯಲ್ಲಿ ಮಸಾಲೆ ಅರೆಯುವ ಕಲ್ಲು ಹಿತ್ತಿಲಿನಿಂದ ಒಳಗೆ ಬಂತು. ನಾವು ಮತ್ತೆ ಮೊದಲಿನಿಂದ ಆಡುತ್ತ ಕೂತರೆ, ಹಿಂದುಗಡೆ ದಾದಿಮಾ ಕೂತು ಕೊತ್ತಂಬರಿ, ಮೆಣಸಿನಕಾಯಿ, ತೆಂಗಿನಕಾಯಿ ಅರೆಯುವ ಗರಗರ ಸದ್ದು. ಅರುವತ್ತರ ಹತ್ತಿರದ ವಯಸ್ಸು ಅವರಿಗೆ. ವಾರ ಕಳೆಯುವುದರಲ್ಲಿ ಮಣಿಕಟ್ಟು ಊದಿತು. ವಿಷಯ ತಿಳಿದ ಅಮ್ಮ ಆಸ್ಪತ್ರೆಯ ಕಡೆಯಿಂದ ಒಂದು ಮುಲಾಮು ತಂದು, “ನೀನೇ ಕೊಟ್ಟು ಬಾ, ನಿಮ್ಮಿಂದಾನೇ ತಾನೆ ಅವರಿಗೆ ಈ ಕಷ್ಟ” ಎಂದಳು. ಆ ಮುಲಾಮನ್ನು ದಾದಿಮಾ ಕೈಗೆ ಹಚ್ಚಿದ್ದೂ ನಾನೇ. ಹೇಳಿಬಿಡೋಣ ಎಂದು ಪ್ರತಿದಿನ ಬಾಯಿ ತೆರೆಯುತ್ತಿದ್ದೆ. ಅವರು ಬಾಯಿಗೆ ಒಂದು ಚೂರು ಕೊಬ್ಬರಿ ಹಾಕುತ್ತಿದ್ದರು, ನಾನು ಮುಚ್ಚುತ್ತಿದ್ದೆ.

ಆಮೇಲೆ ಶಾಲೆ ಮುಗಿಯಿತು, ಕಾಲೇಜುಗಳು ಬೇರೆಯಾದವು, ಮದುವೆ, ಮಕ್ಕಳು. ನಸ್ರೀನ್ ಮಾತ್ರ ಕೈಬಿಟ್ಟು ಹೋಗಲಿಲ್ಲ. ಅಪ್ಪನ ಪಕ್ಕ ಕೂತು ಕೆಲಸ ಕಲಿತು, ಅವರು ಹೋದ ಮೇಲೆ ಅಂಗಡಿಯನ್ನು ಅವಳೇ ನಡೆಸುತ್ತಿದ್ದಾಳೆ. ಈಗ ಲ್ಯಾಪ್‌ಟಾಪು, ಫೋನು. ಮನೆ ಕಲ್ಯಾಣ ನಗರಕ್ಕೆ ಬದಲಾಗಿದೆ. ದಾದಿಮಾ ಅವಳ ಜೊತೆಗೇ ಇದ್ದಾರೆ.

ಹೋದ ತಿಂಗಳು ಫೋನ್ ಮಾಡಿದಳು. “ಶೈಲೂ, ನಮ್ಮ ಕುಳ್ಳ ಇಂಗ್ಲಿಷ್ ಕಲ್ತಿದಾನೆ ಕಣೇ!”

ಅಂಗಡಿಯ ಅಟ್ಟ ಗುಡಿಸುವಾಗ ಕ್ಯಾಸೆಟ್ ಸಿಕ್ಕಿತಂತೆ. ಇದರ ಹೆಸರೇನು ಎಂದು ಹಳೇ ಆಟಗಳ ಹುಚ್ಚಿರುವವರ ಗುಂಪೊಂದರಲ್ಲಿ ಫೋಟೋ ಹಾಕಿ ಕೇಳಿದ್ದಾಳೆ. ಬ್ರೆಜಿಲ್‌ನಿಂದ ಒಬ್ಬ ಉತ್ತರಿಸಿದ್ದಾನೆ: ಈ ಆಟ ಜಪಾನ್ ಬಿಟ್ಟು ಬೇರೆಲ್ಲೂ ಬಿಡುಗಡೆಯಾಗಲೇ ಇಲ್ಲ, ನಿಮಗೆ ಹೇಗೆ ಸಿಕ್ಕಿತು? ಅಮೆರಿಕಕ್ಕೆ ಬರಲಿಲ್ಲ, ಯುರೋಪಿಗೆ ಬರಲಿಲ್ಲ ಎಂದು ಕೊರಗಿದ ಕೆಲವರು ಸೇರಿಕೊಂಡು, ಯಾರೂ ಹೇಳದೆ ಕೇಳದೆ, ವರ್ಷಗಟ್ಟಲೆ ಕೂತು ಅದನ್ನು ತಾವೇ ಇಂಗ್ಲಿಷಿಗೆ ತಂದಿದ್ದಾರಂತೆ. ಬಾರದ ಆಟಗಳ ಪಟ್ಟಿಯನ್ನೇ ಅವರು ಮಾಡಿಟ್ಟಿದ್ದಾರೆ, ಯಾವ ಆಟ ಯಾವ ದೇಶಕ್ಕೆ ತಪ್ಪಿಹೋಯಿತು ಅಂತ. ನಸ್ರೀನ್ ಕಳಿಸಿದ ಆ ಪಟ್ಟಿಯನ್ನು ನಾನು ವೃತ್ತಿಯ ಅಭ್ಯಾಸದಿಂದ ಮೇಲಿಂದ ಕೆಳಗೆ ಓದಿದೆ. ನಮ್ಮ ದೇಶದ ಹೆಸರು ಎಲ್ಲೂ ಇರಲಿಲ್ಲ. ಬರಲಿಲ್ಲ ಎಂದು ಬರೆಯಬೇಕಾದರೂ, ಬರಬಹುದಿತ್ತು ಎಂದು ಯಾರಾದರೂ ಅಂದುಕೊಂಡಿರಬೇಕಲ್ಲ! ನಮಗೋ ಒಂದು ಆಟವೂ ಹೇಳಿಕೇಳಿ ಬಂದದ್ದಿಲ್ಲ. ಬಂದದ್ದೆಲ್ಲ ಯಾರದೋ ಸೂಟ್‌ಕೇಸಿನಲ್ಲಿ ಬಟ್ಟೆಯ ಮಧ್ಯೆ ಬಂತು. ಅದಕ್ಕೇ ಇರಬೇಕು, ಇದು ನಮಗೆ ಸೇರದ ಆಟ ಎಂದು ನಮಗೆ ಒಮ್ಮೆಯೂ ಅನಿಸಿರಲಿಲ್ಲ.

ಭಾನುವಾರ ಊಟ ಮುಗಿಸಿ ಅವಳ ಮನೆಗೆ ಹೋದೆ. ಲ್ಯಾಪ್‌ಟಾಪನ್ನು ದೊಡ್ಡ ಟಿವಿಗೆ ಜೋಡಿಸಿಟ್ಟಿದ್ದಳು. ದಾದಿಮಾ ಒಳಗಿನ ಕೋಣೆಯಲ್ಲಿ ಮಲಗಿದ್ದರು. ತೊಂಬತ್ತು ಮುಟ್ಟಿದೆ, ಒಂದು ಕಿವಿ ಪೂರ್ತಿ ಮುಚ್ಚಿದೆ.

ಮೊದಲ ಆಶ್ಚರ್ಯ ಬಣ್ಣದ್ದು. ಬೂದು ಟೋಪಿಯವನೆಂದು ನಾವು ತಿಳಿದವನ ಟೋಪಿ ಹಳದಿ. ಸಮುದ್ರ ಹಸಿರು. ಎರಡನೆಯ ಆಶ್ಚರ್ಯ ಮಾತಿನದು. ಮೊದಲ ಮನೆಯ ಹೆಂಗಸು ಹೇಳುತ್ತಿದ್ದಳು: ‘ಬನ್ನಿ, ಗಡಿಯಾರ ನಿಂತು ಬಹಳ ದಿನ ಆಯಿತು.’ ಕುಳ್ಳ ಗೋಡೆಯ ಹತ್ತಿರ ಹೋಗಿ ಗಡಿಯಾರ ಬಿಚ್ಚಿದ.

“ರಿಪೇರಿಯವನು” ಎಂದಳು ನಸ್ರೀನ್. ಆಮೇಲೆ ಇನ್ನೊಮ್ಮೆ, ಮೆಲ್ಲಗೆ, “ರಿಪೇರಿಯವನು ಕಣೇ. ನಮ್ಮ ಅಬ್ಬಾ ಒಂದ್ಸಲನೂ ಕೂತು ನೋಡ್ಲಿಲ್ವಲ್ಲೇ!” ಕಣ್ಣೊರೆಸಿಕೊಂಡು ನಕ್ಕಳು. “ನೀನು ಕಳ್ಳ ಅಂದಿದ್ದೆ.”

“ನೀನು ಮದುವೆ ಗಂಡು ಅಂದಿದ್ದೆ.”

ಆಟ ನಿಲ್ಲಿಸಿ, ಚಹಾ ಮಾಡಿಕೊಂಡು ಬಂದು ಮತ್ತೆ ಶುರು ಮಾಡುವಾಗ ಮೊದಲ ಪಟ್ಟಿ ಬಂತು. ಈ ಸಲ ಇಂಗ್ಲಿಷಿನಲ್ಲಿ. ಮೂರನೆಯ ಸಾಲು: ‘ದಾಖಲೆ ಅಳಿಸು.’ ನನ್ನ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ನಸ್ರೀನ್ ಆ ಸಾಲನ್ನು ನೋಡಿದಳು, ನನ್ನನ್ನು ನೋಡಿದಳು, ಅದನ್ನು ಒತ್ತಿದಳು. ‘ಎಲ್ಲವೂ ಅಳಿಸಿಹೋಗುತ್ತದೆ. ಸರಿಯೇ?’ ಎಂದಿತು. ಕೆಳಗೆ ಯೆಸ್, ನೋ. ಅವಳು ‘ನೋ’ ಒತ್ತಿ ಆಟದ ರಿಮೋಟು ಕೆಳಗಿಟ್ಟಳು.

“ಇಷ್ಟು ವರ್ಷ ರಿಪೇರಿ ಮಾಡಿದೀನಿ ಶೈಲೂ. ಮಿಕ್ಸಿ ಹಾಕಿದ್ರೆ ಗೀಟು ಬರತ್ತೆ. ಒಳಗಿರೋದು ಅಳಿಸ್ಹೋಗಲ್ಲ. ಅವತ್ತು ಏನಾಯ್ತು ಹೇಳು.”

ಹೇಳಿದೆ. ಮೊಸರು ತರಲು ಹೋದದ್ದು, ಗುಟ್ಟಿನ ದಾರಿಯ ಆಸೆ, ಎರಡು ಸಲ ಹೌ ಎಂದದ್ದು, ಸುಳ್ಳು. ನಲವತ್ತೈದು ದಾಟಿದ ಹೆಂಗಸಿಗೆ, ಮಕ್ಕಳಾಟದ ವಿಷಯಕ್ಕೆ ಧ್ವನಿ ನಡುಗಬಾರದು. ನಡುಗಿತು. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

“ಆಟ ಹೋಗ್ಲಿ ಬಿಡು. ದಾದಿಮಾ ಕೈ ಊದ್ಕೊಂಡಿತ್ತಲ್ಲೇ” ಎಂದಳು. “ನನಗೆ ಹೇಳಿ ಪ್ರಯೋಜನ ಇಲ್ಲ. ಅವರಿಗೆ ಹೇಳು.”

ದಾದಿಮಾ ಎದ್ದು ಮಂಚದ ಮೇಲೆ ಕೂತಿದ್ದರು. ನಾನು ಅವರ ಕೇಳುವ ಕಿವಿಯ ಕಡೆ ಕೂತು ಮೆತ್ತಗೆ ತಪ್ಪೊಪ್ಪಿಕೊಂಡೆ. “ಹಾಂ?” ಎಂದರು. ಇನ್ನೊಂದು ಸಲ, ಸ್ವಲ್ಪ ಜೋರಾಗಿ. “ಯಾರ್ದು ಮಿಕ್ಸಿ?” ಎಂದರು. ಮೂರನೆಯ ಸಲ “ಅವತ್ತು ಮಿಕ್ಸಿಯಿಂದ ಆಟ ಹೋಗ್ಲಿಲ್ಲ ದಾದಿಮಾ! ನಾನೇ ಅಳಿಸಿದ್ದು! ನಾನು ಸುಳ್ಳು ಹೇಳಿದ್ದೆ!” ಎಂದು ಕೂಗಿದೆ. ಎದುರು ಫ್ಲ್ಯಾಟಿನವರು ಬಾಗಿಲು ತೆರೆದ ಸದ್ದು ಕೇಳಿಸಿತು.

ದಾದಿಮಾಗೆ ಅರ್ಥವಾಯಿತು. ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ನನಗೆ ಜೀವ ಹೋದ ಹಾಗಾಯಿತು. ನಗುತ್ತಿದ್ದರು.

“ಅರೆ ಬೇಟಾ, ಆ ಮಿಕ್ಸಿ ಅವತ್ತೇ ಸುಟ್ಟೋಗಿತ್ತು!”

“ಏನು?” ಎಂದಳು ನಸ್ರೀನ್.

ಒಣಗಿದ ಅರಿಶಿನದ ಕೊಂಬು ಹಾಕಿದ್ದರಂತೆ, ಪುಡಿ ಮಾಡಲು. ಹಾಕಬೇಡ, ಮೋಟಾರು ಹೋಗುತ್ತದೆ ಎಂದು ಮಗ ನೂರು ಸಲ ಹೇಳಿದ್ದ. ಅವತ್ತು ಒಂದು ಸಲ ತಿರುಗಿ, ಹೊಗೆ ಬಂದು, ನಿಂತೇಹೋಯಿತು. ಮಗನಿಗೆ ಏನು ಹೇಳುವುದೆಂದು ತಿಳಿಯದೆ ಬಾಗಿಲಿಗೆ ಬಂದರೆ, ನಾವಿಬ್ಬರೂ ಅಳುತ್ತ, ಮಿಕ್ಸಿಯಿಂದ ಆಟ ಹೋಯಿತು ಎನ್ನುತ್ತಿದ್ದೇವೆ!

“ಮಕ್ಕಳ ಆಟ ಕೆಡತ್ತೆ, ಅದಕ್ಕೇ ಕಲ್ಲಲ್ಲಿ ಅರೀತೀನಿ ಅಂತ ಅವನಿಗೆ ಹೇಳ್ದೆ. ನಂಬಿದ. ಪಾಪ, ನನ್ನ ಎಷ್ಟು ಹೊಗಳಿದ ಗೊತ್ತಾ!”

“ಅಬ್ಬಾಗೆ ಹೇಳಿದ್ರೆ ಒಂದು ಗಂಟೇಲಿ ಸರಿ ಮಾಡ್ತಿದ್ರಲ್ಲ ದಾದಿಮಾ?”

“ಮಾಡ್ತಿದ್ದ. ಆಮೇಲೆ ಒಂದು ವರ್ಷ ಬಂದೋರಿಗೆಲ್ಲ ಹೇಳ್ಕೊಂಡು ನಗ್ತಿದ್ದ” ಎಂದರು ದಾದಿಮಾ. ನನ್ನ ತಲೆಯ ಮೇಲೆ ಒಂದು ಸಣ್ಣ ಏಟು ಹಾಕಿದರು, ಸುಳ್ಳಿಗೆ. ಮೂರು ದಶಕ ತಡವಾಗಿ ಬಂದ ಏಟು, ಆದರೂ ಬಿದ್ದದ್ದು ಒಳ್ಳೆಯದಾಯಿತು.

ನಾವು ಇಬ್ಬರೂ ಹಿಡಿದು ಅವರನ್ನು ಸೋಫಾಕ್ಕೆ ಕರೆತಂದೆವು. ಕುಳ್ಳ ಗಡಿಯಾರ ರಿಪೇರಿಯವನು ಎಂದು ಹೇಳಿದಾಗ, “ಗೋಡೆ ಹತ್ರ ಹೋಗ್ತಾನೆ ಅಂತ ಹೇಳಿರ್ಲಿಲ್ವಾ” ಎಂದು ಗೆಲುವನ್ನು ತಮ್ಮ ಖಾತೆಗೇ ಹಾಕಿಕೊಂಡರು. ಸಂಜೆಯ ಹೊತ್ತಿಗೆ ಸೇತುವೆ ತಲುಪಿದೆವು. ಮುದುಕ ಕೇಳಿದ: ‘ಊಟ ಆಯಿತೇ?’

ನಸ್ರೀನ್ ಬಾಯಿ ಬಿಟ್ಟುಕೊಂಡು ನನ್ನ ಕಡೆ ತಿರುಗಿದಳು. ಹೌದು ಎಂದೆವು. ‘ಮುಖ ನೋಡಿದರೆ ಗೊತ್ತಾಗುತ್ತದೆ, ಸುಳ್ಳು ಹೇಳಬೇಡ’ ಎಂದ. ಇಲ್ಲ ಎಂದೆವು. ‘ಆಚೆ ದಾರಿ ದೂರ. ಹೋಗಿ ಉಂಡು ಬಾ’ ಎಂದ. ಅಷ್ಟೇ ಅವನು ಹೇಳುತ್ತಿದ್ದದ್ದು. ಚೀಲದ ತುಂಬ ಮೀನು ಇಟ್ಟುಕೊಂಡು ನಾವು ಆ ಕುಳ್ಳನಿಗೆ ಒಂದು ತುತ್ತೂ ತಿನ್ನಿಸದೆ ತಿರುಗಿಸಿದ್ದೆವು. ಇದನ್ನೆಲ್ಲ ನಾನು ಕನ್ನಡ ಮಾಡಿ, ಅದನ್ನು ನಸ್ರೀನ್ ದಖ್ಖನಿ ಮಾಡಿ, ದಾದಿಮಾ ಕಿವಿಯಲ್ಲಿ ಕೂಗಿದಾಗ ಅವರು ನಿಜವಾಗಿಯೂ ಸಿಟ್ಟಾದರು. “ಎರಡು ರಜಾ! ಹಸ್ಕೊಂಡಿರೋ ಮಗೂನ ಎರಡು ರಜಾ ನಡೆಸಿದ್ರಾ?” ತಕ್ಷಣ ಮೀನು ಸುಟ್ಟು ತಿನ್ನಿಸಿದೆವು. ಮುದುಕ ಪಕ್ಕಕ್ಕೆ ಸರಿದ.

ಆಚೆ ದಡ ನಮ್ಮಲ್ಲಿ ಯಾರೂ ನೋಡದ ಜಾಗ. ಗುಡ್ಡದ ಕೆಳಗೆ ಒಂದು ಮನೆ, ಅಂಗಳದಲ್ಲಿ ಕೋಳಿಗಳು. ಒಳಗೆ ಒಬ್ಬ ಮುದುಕಿ ಹೇಳಿದಳು: ‘ನನ್ನ ಗಡಿಯಾರ ಸರಿಯಾಗೇ ಇದೆ. ಆದರೂ ಸ್ವಲ್ಪ ಹೊತ್ತು ಕೂತು ಹೋಗುತ್ತೀಯಾ?’

“ಬೇಡ ಕಣೇ, ಮುಂದೆ ಹೋಗೋಣ. ಇನ್ನೂ ಅರ್ಧ ದ್ವೀಪ ಇದೆ” ಎಂದಳು ನಸ್ರೀನ್.

“ಹೌ ಅನ್ನು” ಎಂದರು ದಾದಿಮಾ.

ಹೌ ಎಂದೆವು. ಕುಳ್ಳ ಚೀಲ ಇಳಿಸಿ ಮುದುಕಿಯ ಪಕ್ಕ ಕೂತ. ಆಮೇಲೆ ಏನೂ ಆಗಲಿಲ್ಲ. ಮಾತಿಲ್ಲ, ಪ್ರಶ್ನೆಯಿಲ್ಲ. ಕಿಟಕಿಯಾಚೆ ಹಸಿರು ಸಮುದ್ರ, ಮೆಲ್ಲನೆಯ ಒಂದು ಹಾಡು, ಆಗೊಮ್ಮೆ ಈಗೊಮ್ಮೆ ಒಂದು ಕೋಳಿ ಬಾಗಿಲ ಮುಂದೆ ಹಾದುಹೋಗುತ್ತಿತ್ತು. ಆಟ ನಿಂತುಹೋಯಿತೇ ಎಂದು ನಸ್ರೀನ್ ಮುಂದಕ್ಕೆ ಬಾಗಿದಳು. ದಾದಿಮಾ ಅವಳ ಕೈ ಹಿಡಿದು ಹಿಂದಕ್ಕೆ ಎಳೆದರು.

“ಇರು. ಈಗ ತಾನೆ ಕೂತಿದಾನೆ” ಎಂದರು.